ಅಪ್‌ಡೇಟ್: ಅಪ್ಪನ ಪ್ರಾಸ್ಟೇಟ್ ಬಯಾಪ್ಸಿ ಆಯ್ತು

ಅಪ್ಪಂಗೆ ಪಿಎಸ್‌ಎ (ಪ್ರಾಸ್ಟೇಟ್ ತೊಂದರೆ ಇದೆಯಾ ಅಂತ ನೋಡೋ ರಕ್ತಪರೀಕ್ಷೆ) ಜಾಸ್ತಿ ಬಂದಿದೆ, ಶುಗರ್ ಬೇರೆ ಇದೆ, ಬಯಾಪ್ಸಿ ಗುದದ್ವಾರದ ಮೂಲಕ ಮಾಡ್ಸೋದಾ ಪೆರಿನಿಯಮ್ (ವೃಷಣಕ್ಕೂ ಗುದಕ್ಕೂ ಮಧ್ಯದ ಚರ್ಮ) ಕಡೆಯಿಂದನಾ, ಇನ್‌ಫೆಕ್ಷನ್ ಯಾವುದ್ರಲ್ಲಿ ಕಮ್ಮಿ ಅಂತ ಕೇಳಿದ್ನಲ್ಲ, ಕೊನೆಗೆ ಪೆರಿನಿಯಮ್ ಕಡೆಯಿಂದ, ಅಂದ್ರೆ ಟ್ರಾನ್ಸ್‌ಪೆರಿನಿಯಲ್ಲೇ ಮಾಡ್ಸಿದ್ವಿ.

ಯುರಾಲಜಿಸ್ಟ್ ಬಿಡಿಸಿ ಹೇಳಿದ್ರು, ಟ್ರಾನ್ಸ್‌ರೆಕ್ಟಲ್‌ನಲ್ಲಿ (ಗುದದ್ವಾರದ ಮೂಲಕ ಮಾಡೋದ್ರಲ್ಲಿ) ಸೂಜಿ ಪ್ರತಿ ಸಲ ಗುದನಾಳದ ಗೋಡೆ ತೂರ್ಕೊಂಡೇ ಹೋಗ್ಬೇಕು, ಅಲ್ಲಿರೋ ಇ. ಕೋಲೈ ಬ್ಯಾಕ್ಟೀರಿಯಾ ಪ್ರಾಸ್ಟೇಟ್‌ಗೋ ರಕ್ತಕ್ಕೋ ಸೇರಿದ್ರೆ ಸೆಪ್ಸಿಸ್ (ಇನ್‌ಫೆಕ್ಷನ್ ಮೈಗೆಲ್ಲಾ ಏರಿ ಜೀವಕ್ಕೇ ಅಪಾಯ ಆಗೋದು) ಆಗ್ಬಹುದು, ನಮ್ ದೇಶದಲ್ಲಂತೂ ಸಿಪ್ರೋಫ್ಲಾಕ್ಸಸಿನ್ ಆಂಟಿಬಯೋಟಿಕ್‌ಗೆ ಜಗ್ಗದ ಇ. ಕೋಲೈ ಬೇಜಾನ್ ಇದೆ, ಅದೊಂದು ಮಾತ್ರೆ ನಂಬ್ಕೊಂಡು ಕೂರೋಕಾಗಲ್ಲ ಅಂತ. ಪೆರಿನಿಯಮ್ ಚರ್ಮನಾದ್ರೆ ನೀಟಾಗಿ ಕ್ಲೀನ್ ಮಾಡಿ ಚುಚ್ಚಬಹುದು. ಯುರೋಪಿನ ಯುರಾಲಜಿ ಗೈಡ್‌ಲೈನ್ ಕೂಡ ಇದಕ್ಕೇ ಮೊದಲ ಆದ್ಯತೆ ಕೊಡತ್ತೆ.

ಹಂಗಂತ ಟ್ರಾನ್ಸ್‌ರೆಕ್ಟಲ್ ಮಾಡ್ಸಿದೋರು ಗಾಬರಿಯಾಗ್ಬೇಡಿ. 2024ರಲ್ಲಿ ಬಂದ ಅಮೆರಿಕದ ಪ್ರಿವೆಂಟ್ ಟ್ರಯಲ್‌ನಲ್ಲಿ ಮೊದಲೇ ರೆಕ್ಟಲ್ ಸ್ವಾಬ್ ಕಲ್ಚರ್ (ಗುದನಾಳದಿಂದ ಹತ್ತಿಕಡ್ಡಿಲಿ ಸ್ಯಾಂಪಲ್ ತೆಗೆದು ಬ್ಯಾಕ್ಟೀರಿಯಾ ಪರೀಕ್ಷೆ) ಮಾಡಿ ಸರಿಹೊಂದೋ ಆಂಟಿಬಯೋಟಿಕ್ ಕೊಟ್ಟಾಗ ಟ್ರಾನ್ಸ್‌ರೆಕ್ಟಲ್‌ನಲ್ಲೂ ಇನ್‌ಫೆಕ್ಷನ್ 1.4% ಅಷ್ಟೇ, ಪೆರಿನಿಯಲ್‌ನಲ್ಲಿ ಆಂಟಿಬಯೋಟಿಕ್ ಇಲ್ದೇನೇ ಸೊನ್ನೆ. ಸ್ವಾಬ್ ಮಾಡ್ತಾರಾ ಅಂತ ಮಾತ್ರ ಕೇಳ್ಕೊಳಿ.

ನೋವು? ಕಾಲು ಮೇಲೆತ್ತಿ ಕಟ್ಟಿ ಚರ್ಮಕ್ಕೆ ಲೋಕಲ್ ಇಂಜೆಕ್ಷನ್ ಕೊಟ್ಟಾಗ್ಲೇ ಜಾಸ್ತಿ ಉರಿ, ಆಮೇಲೆ ಸೂಜಿ ಹಾರಿಸೋ ಬಯಾಪ್ಸಿ ಗನ್ನಿನ ಟಕ್ ಟಕ್ ಸೌಂಡಿಗೇ ಬೆಚ್ಚಿಬಿದ್ದೆ ಅಂದ್ರು ಅಪ್ಪ. ಯೂರಿನ್ ಸ್ವಲ್ಪ ಕೆಂಪಗಿತ್ತು, ಈಗ ಸರಿಹೋಗಿದೆ. ಚಳಿಜ್ವರ ಬಂದ್ರೆ ಇಲ್ಲ ಮೂತ್ರ ಕಟ್ಕೊಂಡ್ರೆ ರಾತ್ರಿಯಾದ್ರೂ ಸರಿ ಎಮರ್ಜೆನ್ಸಿಗೆ ಬನ್ನಿ ಅಂದಿದ್ರು, ಸದ್ಯ ಎರಡೂ ಬರ್ಲಿಲ್ಲ. ರಿಪೋರ್ಟ್ ಇನ್ನೂ ಬರ್ಬೇಕು.