ಹಿತ್ತಲಿನ ಎಲೆ, ಕಡ್ಡಿ ಸುಡುವ ಬಗ್ಗೆ ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಮರ ಸವರಿಸಿದ ಮೇಲೆ ಹಿತ್ತಲಲ್ಲಿ ಎಲೆ, ಕಡ್ಡಿ ಎದೆಮಟ್ಟ ಗುಡ್ಡೆಯಾಗಿದೆ. ಕಳೆದ ವಾರ ಸ್ವಲ್ಪ ಸುಟ್ಟು ನೋಡಿದೆ. ಅಲ್ಲೇ ಎಡವಟ್ಟಾಯಿತು.

ಎಲೆ ಇನ್ನೂ ಹಸಿಯಾಗಿತ್ತು. ಉರಿಗಿಂತ ಹೊಗೆಯೇ ಜಾಸ್ತಿ. ಪಕ್ಕದ ಮನೆಯ ಅಜ್ಜಿಗೆ ಉಬ್ಬಸ, ಪಾಪ, ಕಿಟಕಿ ಮುಚ್ಚಿಕೊಂಡು ಕೂತಿದ್ದರು. ಅಷ್ಟರಲ್ಲಿ ಗಾಳಿ ತಿರುಗಿ ಕಿಡಿಯೊಂದು ಬೇಲಿ ಪಕ್ಕದ ಒಣಹುಲ್ಲಿಗೆ ಹಾರಿತು. ಎರಡು ಬಕೆಟ್ ನೀರು ಕೈಗೆಟುಕುವಂತೆ ಇಟ್ಟುಕೊಂಡಿದ್ದಕ್ಕೆ ಬಚಾವಾದೆ. ಆರಿದೆ ಅಂದುಕೊಂಡು ಬಿಟ್ಟಿದ್ದ ಬೂದಿಯನ್ನು ಮರುದಿನ ಬೆಳಿಗ್ಗೆ ಕೆದಕಿದರೆ ಒಳಗೆ ಕೆಂಡ ಕೆಂಪಗಿತ್ತು! ನೀರು ಸುರಿದು, ಕೆದಕಿ ಕಲಸಿ, ಮತ್ತೆ ನೀರು ಸುರಿಯಬೇಕು ಅಂತ ಆಗ ಗೊತ್ತಾಯಿತು.

ಈಗ ನನ್ನ ಪ್ರಶ್ನೆ. ಸುಡಲು ಅನುಮತಿ ಬೇಕಾ ಅಂತ ಮೊದಲು ಯಾರನ್ನು ಕೇಳಬೇಕು? ಸ್ಥಳೀಯ ಆಡಳಿತವನ್ನೋ, ಅಗ್ನಿಶಾಮಕ ಠಾಣೆಯನ್ನೋ? ಕೆಲವು ಕಡೆ ಪೂರ್ತಿ ನಿಷೇಧ, ಕೆಲವು ಕಡೆ ಒಣಹವೆಯ ದಿನಗಳಲ್ಲಿ ಮಾತ್ರ ನಿಷೇಧ ಇರುತ್ತದೆ ಅಲ್ವಾ? ಅದಕ್ಕೇ ಉಳಿದ ಗುಡ್ಡೆ ಸುಟ್ಟಿಲ್ಲ.

ಗುಡ್ಡೆಯಲ್ಲಿ ಕಣಗಿಲೆ ಕೊಂಬೆಗಳೂ ಇದ್ದವು. ಅದರ ಹೊಗೆಯೂ ವಿಷ, ಹಾಗಾಗಿ ಬೇರೆ ತೆಗೆದಿಟ್ಟಿದ್ದೇನೆ. ಅದನ್ನು ಏನು ಮಾಡುವುದು?

ನಿಜ ಹೇಳಬೇಕೆಂದರೆ ಸುಡುವ ಆಸೆಯೇ ಹೋಗಿದೆ. ಎಲೆಯನ್ನೇನೋ ಗೊಬ್ಬರಕ್ಕೆ ಹಾಕಬಹುದು. ಹೆಬ್ಬೆರಳು ದಪ್ಪದ ಕಡ್ಡಿಗಳು ಸುಮ್ನೆ ಬಿಟ್ಟರೆ ಕೊಳೆಯುವುದು ಯಾವಾಗ? ಚೂರು ಮಾಡುವ ಯಂತ್ರ ಬಳಸಿದವರು ಯಾರಾದರೂ ಇದ್ದೀರಾ?

ಸೀಮೆಎಣ್ಣೆ ಸುರಿದು ಹಚ್ಚಿ ಅಂತ ಮಾತ್ರ ಹೇಳಬೇಡಿ, ಪ್ಲೀಸ್. ಆ ಸಲಹೆ ಈಗಾಗಲೇ ಮೂವರು ಕೊಟ್ಟಿದ್ದಾರೆ.