ಹೊರಗಿನ ಡಿಸ್ಕ್ ಸಿಕ್ಕಿಸಿದ್ದರೆ ಕಂಪ್ಯೂಟರ್ ಶುರುವಾಗುವುದಿಲ್ಲ

ಪ್ರಶ್ನೆ: ನನ್ನ ಹಳೆಯ ಕಂಪ್ಯೂಟರಿಗೆ ಎರಡು ಯುಎಸ್‌ಬಿ ಹಾರ್ಡ್ ಡಿಸ್ಕ್‌ಗಳಿವೆ. ಒಂದರಲ್ಲಿ ಮನೆಯವರ ಫೋಟೋಗಳು, ಇನ್ನೊಂದರಲ್ಲಿ ಅವುಗಳ ನಕಲು. ಅವು ಸಿಕ್ಕಿಸಿದ್ದಾಗ ಗುಂಡಿ ಒತ್ತಿದರೆ ಕಪ್ಪು ಪರದೆಯ ಎಡಮೂಲೆಯಲ್ಲಿ ಸಣ್ಣ ಗೆರೆಯೊಂದು ಮಿನುಗುತ್ತಾ ನಿಂತುಬಿಡುತ್ತದೆ. ಎರಡನ್ನೂ ಕಿತ್ತರೆ ವಿಂಡೋಸ್ ತಕ್ಷಣ ಏಳುತ್ತದೆ. ಆಮೇಲೆ ಸಿಕ್ಕಿಸಿದರೆ ಫೈಲುಗಳೂ ತೆರೆಯುತ್ತವೆ. ಡಿಸ್ಕ್ ಕೆಡುತ್ತಿದೆಯೇ? ಆ ಫೋಟೋಗಳು ಹೋದರೆ ಮತ್ತೆ ಸಿಗುವಂಥವಲ್ಲ.

ಉತ್ತರ 1: ಫೈಲುಗಳು ತೆರೆಯುತ್ತಿವೆಯೆಂದರೆ ಮೊದಲ ಅನುಮಾನ ಡಿಸ್ಕಿನ ಮೇಲಲ್ಲ, ಬೂಟ್ ಕ್ರಮದ ಮೇಲೆ, ಅಂದರೆ ಶುರುವಾಗಲು ಯಾವ ಡಿಸ್ಕನ್ನು ಮೊದಲು ನೋಡಬೇಕೆಂಬ ಪಟ್ಟಿಯ ಮೇಲೆ. ಹಳೆಯ ಬಯೋಸ್ (ಗುಂಡಿ ಒತ್ತಿದಾಗ ವಿಂಡೋಸ್‌ಗೂ ಮೊದಲು ಓಡುವ, ಕಂಪ್ಯೂಟರಿನಲ್ಲೇ ಇರುವ ತಂತ್ರಾಂಶ), ಆ ಪಟ್ಟಿಯಲ್ಲಿ ಮುಂದಿರುವ ಡಿಸ್ಕಿನ ಮೊದಲ 512 ಬೈಟ್‌ಗಳನ್ನು ಓದುತ್ತದೆ. ಅದರ ಕೊನೆಯಲ್ಲಿ ಬೂಟ್ ಗುರುತು (ಇಲ್ಲಿಂದ ಶುರುವಾಗಬಹುದು ಎಂಬ ಸಂಕೇತ) ಕಂಡರೆ ಸಾಕು, ಅಲ್ಲಿ ವಿಂಡೋಸ್ ಇಲ್ಲದಿದ್ದರೂ ನಿಯಂತ್ರಣವನ್ನು ಅದಕ್ಕೇ ಒಪ್ಪಿಸಿ ಸುಮ್ಮನಾಗುತ್ತದೆ. ಬಯೋಸ್‌ನಲ್ಲಿ ಒಳಗಿನ ಡಿಸ್ಕನ್ನು ಮೊದಲಿಗೆ ತನ್ನಿ. ಕೆಲವು ಬಯೋಸ್‌ಗಳಲ್ಲಿ ಹಾರ್ಡ್ ಡಿಸ್ಕ್‌ಗಳ ಕ್ರಮಕ್ಕೆ ಪ್ರತ್ಯೇಕ ಪಟ್ಟಿಯೇ ಇರುತ್ತದೆ, ಅದನ್ನೂ ತಪ್ಪದೇ ನೋಡಿ.

ಉತ್ತರ 2: ಒಂದೊಂದೇ ಡಿಸ್ಕ್ ಸಿಕ್ಕಿಸಿ ಪರೀಕ್ಷಿಸಿ. ಯುಎಸ್‌ಬಿ 2.0 ಪೋರ್ಟ್ ಸಾಮಾನ್ಯವಾಗಿ ಕೊಡುವ ವಿದ್ಯುತ್ 500 ಮಿಲಿಆಂಪಿಯರ್, 3.0 ಆದರೆ 900. ಡಿಸ್ಕಿನಿಂದ ಟಿಕ್ ಟಿಕ್ ಸದ್ದು ಬಂದರೆ ವಿದ್ಯುತ್ ಸಾಲುತ್ತಿಲ್ಲದಿರಬಹುದು, ಡಿಸ್ಕೇ ಸೋಲುತ್ತಿರಲೂಬಹುದು. ಆಗ ಬೇರೆ ಯಾವ ಪ್ರಯೋಗಕ್ಕೂ ಮುಂಚೆ ಫೋಟೋಗಳನ್ನು ಇನ್ನೊಂದು ಕಡೆ ನಕಲಿಸಿ.

ಪ್ರಶ್ನೆ ಕೇಳಿದವರು: ಸದ್ದು ಏನೂ ಇಲ್ಲ. ಪ್ರತ್ಯೇಕ ಪಟ್ಟಿಯಲ್ಲಿ ಫೋಟೋ ಡಿಸ್ಕೇ ಮೇಲೆ ಕೂತಿತ್ತು! ಕೆಳಗಿಳಿಸಿದೆ, ಎರಡೂ ಸಿಕ್ಕಿಸಿದ್ದಾಗಲೇ ವಿಂಡೋಸ್ ಎದ್ದಿತು. ಇಬ್ಬರಿಗೂ ಮನಸಾರೆ ವಂದನೆ. ಮೂರನೆಯ ನಕಲನ್ನೂ ಈಗಲೇ ಮಾಡುತ್ತಿದ್ದೇನೆ.