ಎಕ್ಸ್‌ಆರ್‌ಡಿ ಪೀಕ್ ಚೂಪಾಗಿದೆ, ಮೊಬಿಲಿಟಿ ಮಾತ್ರ ಇಲ್ಲ. ಯಾಕೆ?

ಶಂಕರಘಟ್ಟದ ಹುಡುಗಿ:
ಎಂಎಸ್ಸಿ ಪ್ರಾಜೆಕ್ಟಿಗೆ ಪಿ3ಎಚ್‌ಟಿ ಎಂಬ, ಕರೆಂಟ್ ಹಾಯಿಸುವ ಪಾಲಿಮರಿನ ಟ್ರಾನ್ಸಿಸ್ಟರ್ ಮಾಡುತ್ತಿದ್ದೇನೆ. ಎರಡು ಸ್ಯಾಂಪಲ್, ಎರಡೂ ರೀಜಿಯೋರೆಗ್ಯುಲರ್, ಅಂದರೆ ಸರಪಳಿಯ ಪಕ್ಕದ ಬಾಲಗಳು ಒಂದೇ ಕ್ರಮದಲ್ಲಿವೆ. ಒಂದರ ಸರಪಳಿ ಗಿಡ್ಡ, ಅಣುತೂಕ ಸುಮಾರು 4,000. ಇನ್ನೊಂದರದ್ದು 40,000. ಕಿತ್ತಳೆ ಬಣ್ಣದ ದ್ರಾವಣ ಸ್ಪಿನ್ನರ್ (ಗಿರಗಿರ ತಿರುಗಿಸಿ ತೆಳು ಪದರ ಹರಡುವ ಯಂತ್ರ) ಮೇಲೆ ಒಣಗುತ್ತಲೇ ನೇರಳೆಗೆ ತಿರುಗುತ್ತದೆ, ನೋಡೋಕೆ ಚೆಂದ. ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ರೇ ಹಾಯಿಸಿ ಹರಳಿನ ಜೋಡಣೆ ನೋಡುವ ಸ್ಕ್ಯಾನ್) ಗಿಡ್ಡದ್ದರ 5.4 ಡಿಗ್ರಿಯ ಪೀಕ್ ಸೂಜಿಯ ಹಾಗೆ ನಿಂತಿದೆ. ಆದರೆ ಕರೆಂಟ್, ಮೊಬಿಲಿಟಿ (ಚಾರ್ಜ್ ಎಷ್ಟು ಸಲೀಸಾಗಿ ಓಡುತ್ತದೆ ಎಂಬ ಅಳತೆ) ಜಾಸ್ತಿ ಬರುವುದು ಉದ್ದದ್ದರಲ್ಲಿ! ಹರಳು ಚೆನ್ನಾಗಿದ್ದರೆ ಚಾರ್ಜ್ ಸಲೀಸಾಗಿ ಓಡಬೇಕು, ಅಲ್ವಾ? ಅಥವಾ ಇದೆಲ್ಲ ಮಳೆಗಾಲದ ತೇವದ ಆಟವೋ?

ಸಾಗರದ ಕಡೆಯವ:
ತೇವ ಆಮೇಲೆ. ಮೊದಲು ಆ ಪೀಕ್ ಏನು ಹೇಳುತ್ತಿದೆ ನೋಡಿ. 5.4 ಡಿಗ್ರಿ ಅಂದರೆ ಸುಮಾರು 16 ಆಂಗ್‌ಸ್ಟ್ರಾಮ್, ಪದರಗಳ ನಡುವಿನ ಅಂತರ. ಅಲ್ಲಿ ತುಂಬಿರುವುದು ಹೆಕ್ಸೈಲ್ ಬಾಲಗಳು (ಆರು ಕಾರ್ಬನ್‌ನ ಪಕ್ಕದ ಕೊಂಬೆಗಳು). ಪಾಲಿಮರ್ ಕರಗಲಿ ಅಂತ ಹಚ್ಚಿದ್ದು. ಚಾರ್ಜಿಗೆ ಬರೀ ಗೋಡೆ. ಚಾರ್ಜ್ ಹೋಗುವುದು ಸರಪಳಿಯ ಉದ್ದಕ್ಕೆ, ಇಲ್ಲವೇ 3.8 ಆಂಗ್‌ಸ್ಟ್ರಾಮ್ ಆಚೆಯ ಪಕ್ಕದ ಸರಪಳಿಗೆ ಹಾರಿ. ಪದರಗಳು ಹೀಗೆ ಒಂದರ ಮೇಲೊಂದು ಕೂತಾಗ ಆ ದಿಕ್ಕು ಮಾಮೂಲಿ ಸ್ಕ್ಯಾನಿಗೆ ಸಿಗುವುದೇ ಇಲ್ಲ. ಸುಮ್ನೆ ಆ ಪೀಕ್ ನಂಬಿ ಕೂರಬೇಡಿ.

ಗಿಡ್ಡ ಸರಪಳಿ ಚೆಂದ ಹರಳಾಗುತ್ತದೆ, ನಿಜ. ಆದರೆ ಹರಳು ಮುಗಿದಲ್ಲೇ ಸರಪಳಿಯೂ ಮುಗಿಯಿತು. ಉದ್ದದ್ದು ನಡುವಿನ ಗೋಜಲು ದಾಟಿ ಇನ್ನೊಂದು ಹರಳಿನೊಳಗೆ ಹೊಗುತ್ತದೆ. ನಮ್ಮಲ್ಲಿ ಹಳ್ಳಕ್ಕೆ ಅಡಿಕೆ ಮರದ ಸಂಕ ಹಾಕುತ್ತಾರಲ್ಲ, ಹಾಗೆ. ಎರಡೂ ದಡದ ತೋಟ ಎಷ್ಟೇ ಓರಣವಾಗಿರಲಿ, ಸಂಕ ಇಲ್ಲದಿದ್ದರೆ ಆಷಾಢದಲ್ಲಿ ಆಚೆಯವರು ಆಚೆಗೇ. 2003ರಲ್ಲಿ ಕ್ಲೈನ್ ಮತ್ತು ಜೊತೆಯವರು ಇದನ್ನೇ ಅಳೆದರು. ತೂಕ 3,200ರಿಂದ 36,500ಕ್ಕೆ ಏರಿದಾಗ ಮೊಬಿಲಿಟಿ ಸಾವಿರಾರು ಪಟ್ಟು ಹೆಚ್ಚಿತ್ತು.

ತೀರ್ಥಹಳ್ಳಿ ಮಳೆ:
ಒಂದು ತಕರಾರು. ಐಡಿಟಿ-ಬಿಟಿ ಎಂಬ ಇನ್ನೊಂದು ಪಾಲಿಮರ್‌ನಲ್ಲಿ ಹರಳು ಇಲ್ಲವೆಂದೇ ಹೇಳಬೇಕು. ಆದರೂ ಮೊಬಿಲಿಟಿ 1 cm²/Vs ದಾಟುತ್ತದೆ.

ಸಾಗರದ ಕಡೆಯವ:
ತಕರಾರು ಎಲ್ಲಿ ಬಂತು ಮಾರಾಯ್ರೆ, ನಾನು ಹೇಳಿದ್ದೂ ಅದೇ! ಅದರ ಬೆನ್ನೆಲುಬು ತಿರುಚಿಕೊಳ್ಳುವುದಿಲ್ಲ. ಚಾರ್ಜ್ ಉದ್ದಕ್ಕೆ ಓಡುತ್ತದೆ, ಅಲ್ಲೊಂದು ಇಲ್ಲೊಂದು ಕಡೆ ಪಕ್ಕಕ್ಕೆ ಹಾರಿದರೆ ಸಾಕು. ಪಿ3ಎಚ್‌ಟಿಯ ರಿಂಗುಗಳು ಸುಲಭವಾಗಿ ತಿರುಗಿಬಿಡುತ್ತವೆ. ಚಪ್ಪಟೆಯಾಗಿ ಮಲಗಲು ಅದಕ್ಕೆ ಹರಳಿನ ಆಸರೆ ಬೇಕು.

ತೇವದ ಬಗ್ಗೆ: ಗಾಳಿಯಲ್ಲಿ ಅಳೆದರೆ ಆಕ್ಸಿಜನ್, ತೇವ ಸೇರಿ ಆಫ್ ಕರೆಂಟ್ (ಟ್ರಾನ್ಸಿಸ್ಟರ್ ಆಫ್ ಇದ್ದಾಗಲೂ ಸೋರುವ ಕರೆಂಟ್) ಏರುತ್ತದೆ. ಆದರೆ ಎರಡೂ ಸ್ಯಾಂಪಲ್ ಕುಡಿದದ್ದು ಒಂದೇ ಗಾಳಿ ತಾನೇ? ಅನುಮಾನ ಇದ್ದರೆ ಎರಡನ್ನೂ ನಿರ್ವಾತದಲ್ಲಿ ಬಿಸಿ ಮಾಡಿ, ಅಲ್ಲೇ ಅಳೆಯಿರಿ.

ಶಂಕರಘಟ್ಟದ ಹುಡುಗಿ:
ಥ್ಯಾಂಕ್ಸ್ ಸರ್. ನಮ್ಮ ನಿರ್ವಾತದ ಪಂಪ್ ರಿಪೇರಿಗೆ ಹೋಗಿದೆ. ಬಂದ ಮೇಲೆ ಗ್ರಾಫ್ ಹಾಕುತ್ತೇನೆ.